ಬೆನ್ನ ಹಿಂದಿನ ಸದ್ದು

ನಮ್ಮ ಮನೆಯ ಒಳಕೋಣೆ 10 ಅಡಿ ಅಗಲ, 11 ಅಡಿ ಉದ್ದ. ಅಪ್ಪ ಇದ್ದಾಗ ಅಲ್ಲಿ ಹಳೆಯ ಪುಸ್ತಕ, ಮುರಿದ ಕುರ್ಚಿ, ಅಕ್ಕಿ ಮೂಟೆ ಇರುತ್ತಿದ್ದವು. ಈಗ ಗೋಡೆಗೊಂದು ಟೀವಿ, ಎದುರಿಗೆ ದಿವಾನ, ದಿವಾನದ ಮೇಲೆ ಅಮ್ಮ. ಅವಳ ಎರಡೂ ಕಣ್ಣುಗಳ ನಡುಭಾಗದ ದೃಷ್ಟಿ ಮಸುಕಾಗಿ ನಾಲ್ಕು ವರ್ಷವಾಯಿತು. ಪರದೆಯ ಮೇಲೆ ಯಾರೋ ಓಡಾಡುವುದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. ಹಾಗಾಗಿ ಅವಳು ಸಿನಿಮಾ ನೋಡುವುದಿಲ್ಲ, ಕೇಳುತ್ತಾಳೆ.

ಕೇಳುವವಳಿಗೆ ಒಳ್ಳೆಯ ಸದ್ದು ಕೊಡಿಸೋಣ ಎಂದು ಹೋದ ದೀಪಾವಳಿಗೆ ಒಂದು ಹೋಮ್ ಥಿಯೇಟರ್ ಸೆಟ್ ತಂದೆ. ಅಂಗೈಯಗಲದ ಐದು ಡಬ್ಬಿ, ಒಂದು ವೂಫರ್. ಎರಡು ಡಬ್ಬಿಗಳನ್ನು ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಮಳೆಯ ದೃಶ್ಯವಿರುವ ಸಿನಿಮಾ ಹಾಕಿ ಅಮ್ಮನ ಮುಖ ನೋಡುತ್ತ ಕೂತೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಅವಳು ಹೇಳಿದಳು: "ಮಳೆ ಚೆನ್ನಾಗಿ ಕೇಳ್ಸುತ್ತೆ ಕಣೋ. ಮಾತೇ ಕೇಳ್ಸಲ್ಲ."

ಸೆಟ್ ಬದಲಾಯಿಸಲು ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯ ಹುಡುಗ ಸಮಸ್ಯೆಯನ್ನು ಅರ್ಧ ಕೇಳಿದವನೇ, "ಹಿಂದಿನ ಸರೌಂಡು ಚಿಕ್ಕದಾಯ್ತು ಸಾರ್. ಐದೂ ಒಂದೇ ಸೈಜಿಂದು ಹಾಕಿ, ಆಗ ಎಫೆಕ್ಟ್ ಬರುತ್ತೆ" ಎಂದ. ಅವನು ತೋರಿಸಿದ ಐದರ ಬೆಲೆ ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ತಿರವಿತ್ತು. ಬರಿಗೈಯಲ್ಲಿ ವಾಪಸು ಬಂದೆ. ಆಮೇಲೆ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯತೊಡಗಿತು. ನೋಡುವ ಪರದೆ ಎದುರಿಗಿರುವಾಗ ಬೆನ್ನ ಹಿಂದೆ ಸ್ಪೀಕರ್ ಇಡಬೇಕೆಂದು ಮೊದಲು ಯಾರಿಗೆ ಅನ್ನಿಸಿತು? ಯಾಕೆ ಅನ್ನಿಸಿತು? ಅದನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ನೂರನಲವತ್ತು ವರ್ಷಗಳ ಒಂದು ಕತೆ. ಅಂಗಡಿಯಲ್ಲಿ ಏನು ಕೊಳ್ಳಬೇಕೆಂಬ ಉತ್ತರವೂ ಅದರೊಳಗೇ ಇತ್ತು.

ಕತೆ 1881ರ ಪ್ಯಾರಿಸ್ಸಿನಲ್ಲಿ ಶುರುವಾಗುತ್ತದೆ. ಆ ವರ್ಷ ಅಲ್ಲಿ ವಿದ್ಯುತ್ತಿನ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಕ್ಲೆಮಾಂ ಅಡೇರ್ ಎಂಬ ಇಂಜಿನಿಯರ್ ಪ್ಯಾರಿಸ್ ಒಪೆರಾದ ರಂಗದ ಮುಂಚಿನಲ್ಲಿ ಸಾಲಾಗಿ ಟೆಲಿಫೋನಿನ ಮೈಕುಗಳನ್ನು ಜೋಡಿಸಿ, ಅಲ್ಲಿಂದ ಸುಮಾರು 2 ಕಿಲೋಮೀಟರ್ ದೂರದ ಪ್ರದರ್ಶನ ಭವನಕ್ಕೆ ತಂತಿ ಎಳೆಸಿದ. ಕೇಳುವವರ ಕೈಗೆ ಒಂದಲ್ಲ, ಎರಡು ರಿಸೀವರ್, ಎರಡು ಕಿವಿಗೂ ಒಂದೊಂದು. ರಂಗದ ಎಡಗಡೆಯ ಮೈಕು ಒಂದಕ್ಕೆ, ಬಲಗಡೆಯದು ಇನ್ನೊಂದಕ್ಕೆ. ಗಾಯಕ ರಂಗದ ಮೇಲೆ ಅತ್ತಿಂದಿತ್ತ ನಡೆದರೆ, ದೂರದ ಕೋಣೆಯಲ್ಲಿ ಕಣ್ಣುಮುಚ್ಚಿ ನಿಂತವರಿಗೂ ಅವನು ನಡೆದದ್ದು ಗೊತ್ತಾಗುತ್ತಿತ್ತು. ವಿಕ್ಟರ್ ಹ್ಯೂಗೋ ಆ ನವೆಂಬರಿನಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಈ ಬೆರಗನ್ನು ಕೇಳಿಸಿಕೊಂಡು ಬಂದ. ಮುಂದೆ ಇದೇ 'ತೆಯಾತ್ರೊಫೋನ್' ಎಂಬ ಹೆಸರಿನಲ್ಲಿ ಮನೆಮನೆಗೆ ಬರುವ ಚಂದಾ ಸೇವೆಯಾಯಿತು. 1911ರಲ್ಲಿ ಮಾರ್ಸೆಲ್ ಪ್ರೂಸ್ತ್ ಚಂದಾದಾರನಾದ. ಉಬ್ಬಸದ ಕಾಯಿಲೆಯಿಂದ ಹೊರಗೆ ಹೋಗಲಾಗದ ಆ ಕಾದಂಬರಿಕಾರ ತನ್ನ ಕೋಣೆಯಲ್ಲೇ ಇದ್ದು ದೆಬುಸ್ಸಿಯ ಒಪೆರಾ ಕೇಳಿದ. ಮನೆಯ ಚಿಕ್ಕ ಕೋಣೆಯೊಳಗೆ ರಂಗಮಂದಿರವನ್ನು ತರಿಸಿಕೊಂಡ ಮೊದಲಿಗರಲ್ಲಿ ಅವನೂ ಒಬ್ಬ. ಅಮ್ಮನ ದಿವಾನಕ್ಕೂ ಪ್ರೂಸ್ತನ ಹಾಸಿಗೆಗೂ ನಂಟು ಇದೆ ಎಂದು ನನಗೆ ಅಂದೇ ಅನ್ನಿಸಿತು.

ಸಿನಿಮಾ ಮಾತು ಕಲಿತದ್ದು 1920ರ ದಶಕದ ಕೊನೆಗೆ. ಆದರೆ ಆ ಮಾತು ಪರದೆಯ ಹಿಂದಿನ ಒಂದೇ ಜಾಗದಿಂದ ಬರುತ್ತಿತ್ತು. ನಟ ಪರದೆಯ ಎಡತುದಿಯಲ್ಲಿ ನಿಂತರೂ ದನಿ ಮಾತ್ರ ಅಲ್ಲೇ. 1931ರಲ್ಲಿ ಲಂಡನ್ನಿನ ಒಂದು ಚಿತ್ರಮಂದಿರದಲ್ಲಿ ಮುಂದೆ ತನ್ನ ಪತ್ನಿಯಾಗಲಿದ್ದವಳ ಜೊತೆ ಕೂತಿದ್ದ ಆಲನ್ ಬ್ಲುಮ್‌ಲೀನ್ ಎಂಬ ತರುಣ ಇಂಜಿನಿಯರನಿಗೆ ಇದು ಸರಿಬರಲಿಲ್ಲ. ದನಿಯು ನಟನನ್ನು ಹಿಂಬಾಲಿಸುವಂತೆ ಮಾಡುವ ದಾರಿ ತನಗೆ ಹೊಳೆದಿದೆ ಎಂದು ಅವನು ಅವಳಿಗೆ ಹೇಳಿದನೆಂಬುದು ಪ್ರಸಿದ್ಧ ಪ್ರಸಂಗ. ಇಎಂಐ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಅವನು ಅದೇ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಇಂದು ನಾವು ಸ್ಟೀರಿಯೋ ಎನ್ನುವುದರ ಬಹುಪಾಲು ಆ ಒಂದೇ ಅರ್ಜಿಯ 70 ಅಂಶಗಳಲ್ಲಿ ಅಡಗಿದೆ. ಅದರ ಫಲ ಕಾಣಲು ಅವನೇ ಉಳಿಯಲಿಲ್ಲ. 1942ರ ಜೂನ್ 7ರಂದು, ಯುದ್ಧಕ್ಕೆ ಬೇಕಾದ ರೇಡಾರ್ ಒಂದನ್ನು ಪರೀಕ್ಷಿಸುತ್ತಿದ್ದ ವಿಮಾನ ಬಿದ್ದು ತೀರಿಕೊಂಡ. ಆಗ ಅವನಿಗೆ 38 ವರ್ಷ.

ಅಮೆರಿಕದಲ್ಲಿ ಬೆಲ್ ಪ್ರಯೋಗಾಲಯದವರು ಇದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದರು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೂತವರಿಗೆ ಕೇಳಿಸಿದರು. ಸಂಗೀತ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಅಂದು ವಾದ್ಯಗಳ ಮುಂದೆ ನಿಲ್ಲದೆ, ವಾಷಿಂಗ್ಟನ್ನಿನಲ್ಲಿ ಸದ್ದಿನ ಏರಿಳಿತದ ಗುಂಡಿಗಳ ಮುಂದೆ ಕೂತಿದ್ದ. ಅವರ ಮೂಲ ಕಲ್ಪನೆಯಲ್ಲಿ ರಂಗದ ಮುಂದೆ ಲೆಕ್ಕವಿಲ್ಲದಷ್ಟು ಮೈಕುಗಳ ಪರದೆ, ಕೇಳುಗರ ಮುಂದೆ ಅಷ್ಟೇ ಸ್ಪೀಕರುಗಳ ಪರದೆ ಇರಬೇಕಿತ್ತು. ಅದು ಆಗದ ಕೆಲಸ. ಕಡಿಮೆ ಎಂದರೆ ಎಷ್ಟು ಸಾಕು ಎಂದು ನೋಡುತ್ತ ಮೂರಕ್ಕೆ ಬಂದರು. ದೊಡ್ಡ ಸಭಾಂಗಣದಲ್ಲಿ ಎರಡೇ ಇಟ್ಟರೆ ನಡುವೆ ತೂತು ಬಿದ್ದಂತಾಗುತ್ತಿತ್ತು. ಎಡ, ಬಲ, ಅವೆರಡರ ನಡುವೆ ಇನ್ನೊಂದು. ಇಂದು ಟೀವಿಯ ಕೆಳಗೆ ಅಡ್ಡಲಾಗಿ ಮಲಗಿರುವ 'ಸೆಂಟರ್' ಸ್ಪೀಕರಿನ ಪೂರ್ವಜ ಅದೇ.

ಇಲ್ಲಿಯವರೆಗೆ ಎಲ್ಲವೂ ಎದುರಿಗೇ ಇತ್ತು. ಸದ್ದನ್ನು ಬೆನ್ನ ಹಿಂದಕ್ಕೆ ಕೊಂಡೊಯ್ದವನು ವಾಲ್ಟ್ ಡಿಸ್ನಿ. 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ ಅದೇ ಸ್ಟೊಕೊವ್‌ಸ್ಕಿಯ ಜೊತೆ ಕೆಲಸಕ್ಕಿಳಿದಾಗ, ಒಂದು ದುಂಬಿ ಪರದೆ ಬಿಟ್ಟು ಪ್ರೇಕ್ಷಕರ ತಲೆಯ ಸುತ್ತ ಗುಂಯ್‌ಗುಟ್ಟುತ್ತ ಹಾರಬೇಕೆಂದು ಡಿಸ್ನಿಗೆ ಆಸೆಯಾಯಿತು. ದುಂಬಿಯ ಭಾಗ ಚಿತ್ರದಲ್ಲಿ ಉಳಿಯಲಿಲ್ಲ, ಆಸೆ ಉಳಿಯಿತು. 1940ರ ನವೆಂಬರ್ 13ರಂದು ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರಿನಲ್ಲಿ ಚಿತ್ರ ತೆರೆಕಂಡಾಗ ಪರದೆಯ ಹಿಂದೆ ಮಾತ್ರವಲ್ಲ, ಸಭಾಂಗಣದ ಸುತ್ತಲೂ ಸ್ಪೀಕರುಗಳಿದ್ದವು. ಈ ಏರ್ಪಾಟಿಗೆ 'ಫ್ಯಾಂಟಸೌಂಡ್' ಎಂದು ಹೆಸರು. ಆ ಒಂದು ಚಿತ್ರಮಂದಿರದ ಸಜ್ಜಿಕೆಗೇ 85,000 ಡಾಲರ್ ಖರ್ಚಾಯಿತೆಂದು ಹೇಳುತ್ತಾರೆ. ಇಷ್ಟು ಹಣ ಸುರಿಯಬಲ್ಲ ಚಿತ್ರಮಂದಿರಗಳು ಬೆರಳೆಣಿಕೆಯಷ್ಟು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿತು. 1941ರ ಹೊತ್ತಿಗೆ ಚಿತ್ರ ಮಾಮೂಲಿ ಒಂದೇ ಸ್ಪೀಕರಿನ ಸದ್ದಿನೊಂದಿಗೆ ಊರೂರಿಗೆ ಹೋಯಿತು. ದುಂಬಿ ಹಾರಲೇ ಇಲ್ಲ.

ಈ ದುಬಾರಿ ಕತೆಯೊಳಗೆ ಅಗ್ಗದ ಒಂದು ಉಪಕತೆ ಇದೆ. ಚಿತ್ರದ ಸದ್ದಿನ ಉಪಕರಣಗಳನ್ನು ಪರೀಕ್ಷಿಸಲು ಡಿಸ್ನಿಯವರಿಗೆ ಆಸಿಲೇಟರುಗಳು ಬೇಕಾದವು. ಆಗ ಅಂಥ ಉಪಕರಣಕ್ಕೆ ನೂರಾರು ಡಾಲರ್ ಬೆಲೆ. ಪಾಲೋ ಆಲ್ಟೊದ ಒಂದು ಗ್ಯಾರೇಜಿನಲ್ಲಿ ಇಬ್ಬರು ಗೆಳೆಯರು ಅದನ್ನು 71.50 ಡಾಲರಿಗೆ ಮಾಡಿಕೊಟ್ಟರು. ಅವರ ಗುಟ್ಟು ಇಷ್ಟೇ: ಸದ್ದಿನ ಮಟ್ಟ ಸ್ಥಿರವಾಗಿರಲು ಬೇರೆಯವರು ಬಳಸುತ್ತಿದ್ದ ಜಟಿಲ ಏರ್ಪಾಟಿನ ಬದಲು ಒಂದು ಪುಟ್ಟ ವಿದ್ಯುತ್ ಬಲ್ಬು. ಡಿಸ್ನಿಯವರು ಎಂಟು ಕೊಂಡರು. ಆ ಗೆಳೆಯರ ಹೆಸರು ಹ್ಯೂಲೆಟ್ ಮತ್ತು ಪ್ಯಾಕರ್ಡ್. ಮುಂದಿನ ಚರಿತ್ರೆಯಲ್ಲೂ ಇದೇ ನಡೆದದ್ದನ್ನು ಕಂಡೆ. ಸುತ್ತಲಿನ ಸದ್ದು ದೊಡ್ಡ ಹಣದ ಬಲದಿಂದ ಬಂದಾಗಲೆಲ್ಲ ಬೇಗ ಮರೆಯಾಗಿದೆ. ಬಲ್ಬಿನಂಥ ಚಿಕ್ಕ ಉಪಾಯದಿಂದ ಬಂದಾಗ ಉಳಿದಿದೆ.

1950ರ ದಶಕದಲ್ಲಿ ಟೀವಿಯ ಹೆದರಿಕೆಯಿಂದ ಹಾಲಿವುಡ್ ಮತ್ತೆ ದೊಡ್ಡ ಹಣ ಸುರಿಯಿತು. 1952ರ ಸೆಪ್ಟೆಂಬರ್ 30ರಂದು ಅದೇ ಬ್ರಾಡ್‌ವೇ ಥಿಯೇಟರಿನಲ್ಲಿ ಸಿನೆರಾಮಾ ಶುರುವಾಯಿತು. ಮೂರು ಪ್ರೊಜೆಕ್ಟರು, ಬಾಗಿದ ಪರದೆ, ಏಳು ಪಟ್ಟಿಗಳ ಸದ್ದು. ಮರುವರ್ಷ 'ದಿ ರೋಬ್' ಚಿತ್ರದೊಂದಿಗೆ ಸಿನೆಮಾಸ್ಕೋಪ್ ಬಂತು. ಅದರಲ್ಲಿ ನಾಲ್ಕು ಕಾಂತೀಯ ಪಟ್ಟಿ: ಎಡ, ನಡು, ಬಲ, ನಾಲ್ಕನೆಯದು ಪ್ರೇಕ್ಷಕರ ನಡುವಿನ ಸ್ಪೀಕರುಗಳಿಗೆ. ಈ ನಾಲ್ಕನೆಯ ಪಟ್ಟಿ ಇಕ್ಕಟ್ಟಿನದು, ಅದರಲ್ಲಿ ಸದಾ ಸುಯ್ಯೆನ್ನುವ ಶಬ್ದ. ಹಾಗಾಗಿ ಕೆಲಸವಿಲ್ಲದಾಗ ಅದರ ಬಾಯಿ ಮುಚ್ಚಿಸಲು 12,000 ಹರ್ಟ್ಸ್‌ನ ಒಂದು ಸಂಕೇತವನ್ನು ಬಳಸಿದರು. ಪಟ್ಟಿಯ ಮೇಲೆ ಆ ಸಂಕೇತವಿದ್ದಾಗ ಮಾತ್ರ ಹಿಂದಿನ ಸ್ಪೀಕರು ಬಾಯಿಬಿಡಬೇಕು. ಅಪ್ಪಣೆ ಇಲ್ಲದೆ ಮಾತಾಡಬಾರದೆಂಬ ನಿಯಮ ಬೆನ್ನ ಹಿಂದಿನ ಸದ್ದಿಗೆ ಹುಟ್ಟಿನಿಂದಲೇ ಬಂದದ್ದು. ಊರುಗಳ ಚಿತ್ರಮಂದಿರದ ಮಾಲೀಕರು ಈ ಖರ್ಚಿಗೂ ಒಪ್ಪಲಿಲ್ಲ. 1954ರಲ್ಲಿ ಕಂಪನಿ ಸೋತು, ಒಂದೇ ಪಟ್ಟಿಯ ಹಳೆಯ ಸದ್ದಿನ ಪ್ರತಿಗಳನ್ನೂ ಕೊಡಲು ಒಪ್ಪಿತು.

ಚಿತ್ರೋದ್ಯಮ ಸ್ಪೀಕರುಗಳನ್ನು ಎಣಿಸುತ್ತಿದ್ದ ಆ ವರ್ಷಗಳಲ್ಲೇ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಹೆಲ್ಮುಟ್ ಹಾಸ್ ಎಂಬ ಸಂಶೋಧಕ ಕಿವಿಯನ್ನೇ ಪ್ರಶ್ನಿಸುತ್ತಿದ್ದ. 1949ರ ಅವನ ಪ್ರೌಢಪ್ರಬಂಧ ಹೇಳುವುದನ್ನು ತಿಳಿಯಲು ನಾವು ವಿಜಯಪುರಕ್ಕೆ ಹೋದರೆ ಸಾಕು. ಶಾಲೆಯ ಪ್ರವಾಸದಲ್ಲಿ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆ ಹತ್ತದವರು ಕಡಿಮೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಮತ್ತೆಮತ್ತೆ ಮರಳಿ ಬರುತ್ತದೆ. ಒಂದು ಬದಿಯಿಂದ ಎದುರು ಬದಿಗೆ ಸುಮಾರು 37 ಮೀಟರ್. ಸದ್ದು ಅಷ್ಟು ದೂರ ಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟು ತಡವಾದ ಸದ್ದನ್ನು ಕಿವಿ 'ಇದು ಬೇರೆ' ಎಂದು ಗುರುತಿಸಿ ಪ್ರತಿಧ್ವನಿ ಎನ್ನುತ್ತದೆ. ನಮ್ಮ ಒಳಕೋಣೆಯಲ್ಲೂ ಗೋಡೆಗಳು ಸದ್ದನ್ನು ಮರಳಿಸುತ್ತಲೇ ಇರುತ್ತವೆ. ಆದರೆ ಒಂದು ಅಡಿಗೆ ಸುಮಾರು 0.9 ಮಿಲಿಸೆಕೆಂಡಿನಂತೆ ಅದು ಎಷ್ಟು ಬೇಗ ಬರುತ್ತದೆಂದರೆ ಕಿವಿ ಎರಡನ್ನೂ ಕೂಡಿಸಿ ಒಂದೇ ಮಾಡಿಕೊಳ್ಳುತ್ತದೆ. ಹಾಗೆ ಕೂಡಿಸಿಕೊಂಡಾಗ ಸದ್ದು ಯಾವ ಕಡೆಯಿಂದ ಬಂತೆಂದು ತೀರ್ಮಾನಿಸುವುದು ಮೊದಲು ಬಂದದ್ದನ್ನು ನೋಡಿ. ಎರಡನೆಯದು 5ರಿಂದ 30 ಮಿಲಿಸೆಕೆಂಡ್ ತಡವಾಗಿ ಬಂದರೆ, ಅದು ಮೊದಲನೆಯದಕ್ಕಿಂತ 10 ಡೆಸಿಬಲ್‌ನಷ್ಟು ಜೋರಾಗಿದ್ದರೂ ಕಿವಿ ಮೊದಲು ಬಂದ ದಿಕ್ಕಿಗೇ ನಂಬಿಕೆಯಿಡುತ್ತದೆ. ಹಾಸ್ ತೋರಿಸಿಕೊಟ್ಟದ್ದು ಇದನ್ನು.

ಸುತ್ತಲಿನ ಸದ್ದು ಬಡವರ ಮನೆಗೆ ಬರುವ ಬಾಗಿಲು ಇಲ್ಲಿ ತೆರೆಯಿತು. ಹಿಂದಿನ ಸ್ಪೀಕರು ದೊಡ್ಡದೂ ದುಬಾರಿಯೂ ಆಗಿರಬೇಕಿಲ್ಲ. ಅದು ಸರಿಯಾದ ಹೊತ್ತಿಗೆ, ಒಂದು ಕ್ಷಣ ತಡವಾಗಿ ಮಾತಾಡಿದರೆ ಸಾಕು.

1970ರ ಸುಮಾರಿಗೆ ಅಮೆರಿಕದ ಡೇವಿಡ್ ಹ್ಯಾಫ್ಲರ್ ಇನ್ನೂ ಅಗ್ಗದ ದಾರಿ ತೋರಿಸಿದ. ಎಡ ಬಲ ಎರಡರಲ್ಲೂ ಸಮನಾಗಿರುವುದು ಹಾಡುಗಾರನ ದನಿ. ಎರಡರಲ್ಲಿ ಬೇರೆಬೇರೆಯಾಗಿರುವುದು ಸಭಾಂಗಣದ ಗುಂಗು, ಚಪ್ಪಾಳೆ, ಗೋಡೆಗಳಿಂದ ಮರಳಿದ ಸದ್ದು. ಒಂದರಿಂದ ಇನ್ನೊಂದನ್ನು ಕಳೆದರೆ ದನಿ ಬಿದ್ದುಹೋಗಿ ಸುತ್ತಲಿನ ಗುಂಗು ಮಾತ್ರ ಉಳಿಯುತ್ತದೆ. ಈ ಕಳೆಯುವ ಲೆಕ್ಕಕ್ಕೆ ಹ್ಯಾಫ್ಲರ್ ಯಂತ್ರವನ್ನೇನೂ ಬಳಸಲಿಲ್ಲ. ಆಂಪ್ಲಿಫೈಯರಿನ ಎಡ ಬಲ ಎರಡರ ಧನ ತಂತಿಗಳ ನಡುವೆ ಹಿಂದಿನ ಸ್ಪೀಕರನ್ನು ಸೇರಿಸಿದ, ಅಷ್ಟೇ. ಬೇರೆ ಆಂಪ್ಲಿಫೈಯರ್ ಬೇಡ, ಎರಡು ಹಳೆಯ ಡಬ್ಬಿ, ಕೆಲವು ಮೊಳ ತಂತಿ ಸಾಕು. (ಇಂದಿನ ಆಂಪ್ಲಿಫೈಯರುಗಳಲ್ಲಿ ಹಲವು ಹೀಗೆ ಜೋಡಿಸಿದರೆ ಸುಟ್ಟುಹೋಗುತ್ತವೆ. ಓದಿ ಪ್ರಯೋಗಕ್ಕಿಳಿಯಬೇಡಿ.) ಅದೇ ದಶಕದಲ್ಲಿ ದೊಡ್ಡ ಕಂಪನಿಗಳು ನಾಲ್ಕು ಸ್ಪೀಕರುಗಳ 'ಕ್ವಾಡ್ರಫೋನಿಕ್' ರೆಕಾರ್ಡುಗಳನ್ನು ತಂದವು. ಸಿಬಿಎಸ್ ಕಂಪನಿಯದು ಒಂದು ಪದ್ಧತಿ, ಸಾನ್‌ಸೂಯಿಯದು ಇನ್ನೊಂದು, ಜೆವಿಸಿಯದು ಮತ್ತೊಂದು. ಒಂದರ ರೆಕಾರ್ಡು ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ಹಾಡುತ್ತಿರಲಿಲ್ಲ. ದಶಕ ಮುಗಿಯುವ ಮೊದಲೇ ಮೂರೂ ಮೂಲೆಗೆ ಬಿದ್ದವು.

ಗೆದ್ದವನು ರೇ ಡಾಲ್ಬಿ. ಅವನ ಕತೆಗೆ ನಮ್ಮ ದೇಶದ ಒಂದು ಅಧ್ಯಾಯವಿದೆ. 1963ರಿಂದ ಎರಡು ವರ್ಷ ಅವನು ಯುನೆಸ್ಕೋದ ತಾಂತ್ರಿಕ ಸಲಹೆಗಾರನಾಗಿ ಭಾರತದಲ್ಲಿದ್ದ. ಇಲ್ಲಿನ ಸಂಗೀತವನ್ನು ಟೇಪಿನಲ್ಲಿ ಹಿಡಿಯಲು ಹೋದಾಗ, ಮೆಲ್ಲನೆಯ ಸ್ವರಗಳ ಅಡಿಯಲ್ಲಿ ಟೇಪಿನ ಸುಯ್ಯೆನ್ನುವ ಶಬ್ದ ಅವನನ್ನು ಕಾಡಿತು. ಅದನ್ನು ಅಡಗಿಸುವ ಉಪಾಯ ಹೊತ್ತುಕೊಂಡು 1965ರಲ್ಲಿ ಲಂಡನ್ನಿಗೆ ಹೋಗಿ ತನ್ನ ಪ್ರಯೋಗಾಲಯ ತೆರೆದ. ಹತ್ತು ವರ್ಷದ ನಂತರ ಅದೇ ಉಪಾಯದಿಂದ ಸಿನಿಮಾ ರೀಲಿನ ಅಂಚಿನ ಕಿರಿದಾದ ಜಾಗದಲ್ಲಿ ಎರಡು ಶುದ್ಧ ಪಟ್ಟಿಗಳು ಹಿಡಿಸಿದವು. ಆ ಎರಡರೊಳಗೆ ಕೂಡಿಸುವ, ಕಳೆಯುವ ಲೆಕ್ಕದಿಂದ ನಾಲ್ಕು ವಾಹಿನಿಗಳನ್ನು ಮಡಚಿ ಇಟ್ಟರು. 1977ರಲ್ಲಿ 'ಸ್ಟಾರ್ ವಾರ್ಸ್' ಈ ಡಾಲ್ಬಿ ಸ್ಟೀರಿಯೋವನ್ನು ಜಗತ್ತಿಗೆ ಪರಿಚಯಿಸಿತು.

ಹೀಗೆ ಮಡಚಿ ಬಿಡಿಸುವಾಗ ನಟರ ಮಾತಿನ ಚೂರುಪಾರು ಹಿಂದಿನ ಸ್ಪೀಕರಿಗೂ ಸೋರುತ್ತಿತ್ತು. ಅದಕ್ಕೆ ಎರಡು ಮದ್ದು ಕಂಡುಕೊಂಡರು. ಹಿಂದಿನ ವಾಹಿನಿಯನ್ನು ಕೆಲವು ಮಿಲಿಸೆಕೆಂಡ್ ತಡವಾಗಿ ಬಿಡುವುದು ಒಂದು. ಸೋರಿದ ಮಾತು ತಡವಾಗಿ ಬಂದದ್ದರಿಂದ, ಹಾಸ್ ಹೇಳಿದಂತೆ, ಕಿವಿ ಅದನ್ನು ಎದುರಿನ ಪರದೆಗೇ ಸೇರಿಸಿಬಿಡುತ್ತದೆ. ಇನ್ನೊಂದು, ಹಿಂದಿನ ವಾಹಿನಿಯಲ್ಲಿ 7,000 ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಕತ್ತರಿಸಿ ಹಾಕುವುದು. ಮಾತಿನ ಸ, ಶ, ತ, ಕಗಳ ಚೂಪು ಇರುವುದು ಮೇಲಿನ ಸ್ವರಗಳಲ್ಲಿ. ಆ ಚೂಪು ಬೆನ್ನ ಹಿಂದೆ ಕೇಳಿಸಿದರೆ ತಲೆ ತಾನಾಗಿ ತಿರುಗುತ್ತದೆ. 1982ರಲ್ಲಿ ಇದೇ ಪದ್ಧತಿ 'ಡಾಲ್ಬಿ ಸರೌಂಡ್' ಆಗಿ ಮನೆಗಳಿಗೆ ಬಂತು. 1987ರಲ್ಲಿ ಬಂದ 'ಪ್ರೊ ಲಾಜಿಕ್' ಮಾತನ್ನು ಹೆಕ್ಕಿ ನಡುವಿನ ಸ್ಪೀಕರಿಗೆ ಕಳಿಸತೊಡಗಿತು. ಮನೆಯ ಸರೌಂಡ್ ಸ್ಪೀಕರ್ ಚಿಕ್ಕದಾದದ್ದು ಕಂಪನಿಗಳ ಜಿಪುಣತನದಿಂದ ಮಾತ್ರವಲ್ಲ. ಅದಕ್ಕೆ ವಹಿಸಿದ್ದ ಕೆಲಸವೇ ಅಷ್ಟಾಗಿತ್ತು.

ನಮ್ಮಲ್ಲೂ ಈ ಬೆರಗು ದುಬಾರಿಯಾಗಿಯೇ ಬಂದದ್ದು. 1967ರ ರಾಜ್ ಕಪೂರ್ ಅಭಿನಯದ 'ಅರೌಂಡ್ ದ ವರ್ಲ್ಡ್' ಭಾರತದ ಮೊದಲ 70 ಎಂ.ಎಂ. ಚಿತ್ರ. 1975ರ ಆಗಸ್ಟ್ 15ರಂದು 'ಶೋಲೆ' ಬಂತು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ಆ ಸಿನಿಮಾದಲ್ಲಿ ನಾಣ್ಯ ಚಿಮ್ಮುವ ದೃಶ್ಯ ಬಂದಾಗ, ಸ್ಟೀರಿಯೋ ಇದ್ದ ಚಿತ್ರಮಂದಿರಗಳಲ್ಲಿ ಜನ ಸೀಟಿನ ಕೆಳಗೆ ಬಗ್ಗಿ ಹುಡುಕಿದರೆಂಬ ಕತೆ ಇಂದಿಗೂ ಓಡಾಡುತ್ತಿದೆ. ಆದರೆ ಅಂಥ ಸಜ್ಜಿಕೆ ದೊಡ್ಡ ನಗರಗಳ ಕೆಲವೇ ಚಿತ್ರಮಂದಿರಗಳಲ್ಲಿತ್ತು. ಅಮ್ಮ ಆ ಸಿನಿಮಾ ನೋಡಿದ್ದು ನಮ್ಮೂರಿನ ಟೆಂಟಿನಲ್ಲಿ. ಅಲ್ಲಿ ನಾಣ್ಯ ಬಿದ್ದದ್ದು ಪರದೆಯ ಹಿಂದಿನ ಒಂದೇ ಸ್ಪೀಕರಿನೊಳಗೆ. ಯಾರೂ ಬಗ್ಗಲಿಲ್ಲ.

1979ರ 'ಅಪೊಕ್ಯಾಲಿಪ್ಸ್ ನೌ' ಚಿತ್ರದ 70 ಎಂ.ಎಂ. ಪ್ರತಿಗಳಲ್ಲಿ ವಾಲ್ಟರ್ ಮರ್ಚ್ ಹಿಂದಿನ ಸದ್ದನ್ನು ಎಡ ಬಲವೆಂದು ಒಡೆದ. ಹೆಲಿಕಾಪ್ಟರ್ ಒಂದು ಸಭಾಂಗಣವನ್ನೇ ಸುತ್ತಿತು. ಡಿಸ್ನಿಯ ದುಂಬಿ ಕೊನೆಗೂ ಹಾರಿದ್ದು ಅಂದು ಎನ್ನಬಹುದು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಡಾಲ್ಬಿ ಡಿಜಿಟಲನ್ನೂ 1993ರ 'ಜುರಾಸಿಕ್ ಪಾರ್ಕ್' ಡಿಟಿಎಸ್ ಅನ್ನೂ ತಂದವು. ಐದು ಪೂರ್ಣ ವಾಹಿನಿ, ಗುಡುಗಿಗೊಂದು ಬೇರೆ ವಾಹಿನಿ, ಅದೇ 5.1. ಈಗ ಕತ್ತರಿಸುವ ಅಗತ್ಯವಿರಲಿಲ್ಲ. ಕಾಗದದ ಮೇಲೆ ಐದೂ ಸಮಾನ. ಎಸ್.ಪಿ. ರಸ್ತೆಯ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಗೊತ್ತಾದದ್ದು ಇಲ್ಲಿ. ಸುತ್ತಲೂ ವಾದ್ಯಗಳನ್ನು ಹರಡಿ ಧ್ವನಿಮುದ್ರಿಸಿದ ಸಂಗೀತ ಕೇಳುವವರಿಗೆ ಐದೂ ಒಂದೇ ಬಗೆಯದಿರುವುದೇ ಸರಿ. ಆದರೆ ಸಿನಿಮಾದ ಸದ್ದು ಬೆರೆಸುವವರು ಹಳೆಯ ಪಾಠ ಮರೆತಿಲ್ಲ. ಇಂದಿಗೂ ಮಾತು ಬಹುತೇಕ ನಡುವಿನಲ್ಲಿ, ಮಳೆ ಗಾಳಿ ಸಂತೆ ಹಿಂದೆ.

ಇಷ್ಟು ತಿಳಿದ ಮೇಲೆ ಅಮ್ಮನ ದೂರು ಅರ್ಥವಾಯಿತು. ನಾನು ತಂದ ಸೆಟ್ಟಿನಲ್ಲಿ ಐದೂ ಡಬ್ಬಿ ಒಂದೇ ಅಳತೆಯವು, ಅಂದರೆ ಐದೂ ಸಮನಾಗಿ ಚಿಕ್ಕವು. ಮೂರು ಅಂಗುಲದ ಅಂಥ ಡಬ್ಬಿ 150, 200 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಹೊರಡಿಸಲಾರದು. ಗಂಡಸಿನ ದನಿಯ ಬುಡ ಇರುವುದು ಅದಕ್ಕಿಂತ ಕೆಳಗೆ, 100ರ ಆಸುಪಾಸಿನಲ್ಲಿ. ಆ ಬುಡವನ್ನು ಮೂಲೆಯ ವೂಫರಿಗೆ ಕಳಿಸಿದ್ದರು. ಹೀಗೆ ನಾಯಕನ ಮಾತು ಎರಡಾಗಿ ಸೀಳಿ, ಅರ್ಧ ಟೀವಿಯ ಕೆಳಗಿನಿಂದ, ಅರ್ಧ ಬಾಗಿಲ ಮೂಲೆಯಿಂದ ಬರುತ್ತಿತ್ತು. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದಿನ ದಿಕ್ಕು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ, ಅದಕ್ಕಿಂತ ಮೇಲಿನದು ತಿಳಿಯುತ್ತದೆ. ಹಾಗಾಗಿಯೇ ಜಾರ್ಜ್ ಲ್ಯೂಕಾಸ್ ಕಂಪನಿಯ ಟಾಮ್ಲಿನ್ಸನ್ ಹೋಲ್ಮನ್ ರೂಪಿಸಿದ ಟಿಎಚ್‌ಎಕ್ಸ್ ಪದ್ಧತಿಯಲ್ಲಿ ವೂಫರಿನ ಗಡಿ 80ಕ್ಕೆ ನಿಂತದ್ದು. ಅದೂ ಸಾಲದೆಂದು ನಾನು ಹಿಂದಿನ ಡಬ್ಬಿಗಳನ್ನು ಅಮ್ಮನ ಕಿವಿಯ ಪಕ್ಕಕ್ಕೇ ತಂದಿದ್ದೆ. ಎದುರಿನವು 7 ಅಡಿ ದೂರ, ಹಿಂದಿನವು 2 ಅಡಿ. ಮೊದಲು ಬರುವ ಸದ್ದಿಗೆ ಕಿವಿ ಮಣಿಯುತ್ತದೆ. ಮಳೆ ಮೊದಲು ಬರುತ್ತಿತ್ತು.

ಎಸ್.ಪಿ. ರಸ್ತೆಗೆ ಮತ್ತೆ ಹೋದೆ. ಈ ಸಲ ಏನು ಕೇಳಬೇಕೆಂದು ಗೊತ್ತಿತ್ತು. ಹಣದ ದೊಡ್ಡ ಪಾಲು ನಡುವಿನ ಸ್ಪೀಕರಿಗೆ ಹೋಯಿತು. ಐದು ಅಂಗುಲದ ಎರಡು ಕೋನ್ ಇರುವ, 80 ಹರ್ಟ್ಸ್‌ವರೆಗೆ ಇಳಿಯುವ, ಮರದ ಪೆಟ್ಟಿಗೆಯದು. ಯಾರೋ ಮಾರಿದ ಹಳೆಯ ರಿಸೀವರ್ ಒಂದು ಸಿಕ್ಕಿತು. ಅದರಲ್ಲಿ ಪ್ರತಿ ಸ್ಪೀಕರಿನ ದೂರವನ್ನು ತುಂಬುವ ಸೌಕರ್ಯವಿತ್ತು. ದೂರ ತುಂಬಿದರೆ ಹತ್ತಿರದವನ್ನು ಅದು ತಾನೇ ತಡೆದು ಬಿಡುತ್ತದೆ. ಮುಂದಿನ ಎಡ ಬಲಕ್ಕೆ ಮನೆಯಲ್ಲಿದ್ದ ಹಳೆಯ ಜೋಡಿಯೇ ಸಾಕಾಯಿತು. ಹಿಂದಿನವಕ್ಕೆ ಸೆಕೆಂಡ್ ಹ್ಯಾಂಡ್ ಪುಸ್ತಕದ ಕಪಾಟಿನ ಸ್ಪೀಕರುಗಳು, ನಾಲ್ಕು ಅಂಗುಲದವು, ಜೋಡಿಗೆ 1,800 ರೂಪಾಯಿ. "ಇದು ಎಷ್ಟು ವ್ಯಾಟ್ ಗೊತ್ತಾ ಸಾರ್? ಬರೀ ಮೂವತ್ತು" ಎಂದು ಹುಡುಗ ಮರುಗಿದ. ಸಾಧಾರಣ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 86 ಡೆಸಿಬಲ್ ಬರುತ್ತದೆ. ನಾವು ಮಾಮೂಲಿಯಾಗಿ ಮಾತಾಡುವುದು 60ರಲ್ಲಿ. 10 ಅಡಿ ಕೋಣೆಗೆ ಸಾವಿರ ವ್ಯಾಟ್ ಎಂದು ಬರೆದ ಡಬ್ಬಿ ಯಾವ ಕೆಲಸಕ್ಕೂ ಬರುವುದಿಲ್ಲ. ಪಕ್ಕದ ಮನೆಯವರ ಜೊತೆ ಜಗಳಕ್ಕೆ ಬರಬಹುದು.

ಮನೆಗೆ ತಂದು ಹಿಂದಿನ ಗೋಡೆಯ ಮೊಳೆ ಕಿತ್ತೆ. 1992ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ಶಿಫಾರಸು ಸರೌಂಡ್ ಸ್ಪೀಕರುಗಳು ನೇರ ಬೆನ್ನ ಹಿಂದಲ್ಲ, ಪಕ್ಕದಿಂದ ತುಸು ಹಿಂದೆ, ಮೂಗಿನ ನೇರಕ್ಕೆ 100ರಿಂದ 120 ಡಿಗ್ರಿಯಲ್ಲಿರಬೇಕು ಎನ್ನುತ್ತದೆ. ಪಕ್ಕದ ಗೋಡೆಗಳ ಮೇಲೆ, ಕೂತಾಗ ಕಿವಿಗಿಂತ ಎರಡು ಅಡಿ ಎತ್ತರದಲ್ಲಿ ಹಲಗೆ ಹೊಡೆದು ಕೂರಿಸಿದೆ. ಇಷ್ಟು ಚಿಕ್ಕ ಕೋಣೆಯಲ್ಲಿ ಅವು ನೇರ ಕಿವಿಗೆ ಊದದಿರಲೆಂದು ಮುಖವನ್ನು ಚಾವಣಿಯ ಕಡೆಗೆ ಸ್ವಲ್ಪ ಎತ್ತಿದೆ. ನಡುವಿನದನ್ನು ಟೀವಿಯ ಕೆಳಗಿಟ್ಟು, ಮೊಣಕಾಲಿಗಲ್ಲ, ಅಮ್ಮನ ಮುಖಕ್ಕೆ ನೋಡುವಂತೆ ಮುಂದೆ ಒಂದು ಮರದ ಚೂರು ಸಿಕ್ಕಿಸಿದೆ. ಅದರ ಸದ್ದನ್ನು ಉಳಿದವಕ್ಕಿಂತ 3 ಡೆಸಿಬಲ್ ಏರಿಸಿದೆ.

ಅದೇ ಮಳೆಯ ದೃಶ್ಯ ಹಾಕಿದೆ. ಅಮ್ಮ ಏನೂ ಹೇಳಲಿಲ್ಲ. ನಾಯಕ ಏನೋ ತಮಾಷೆ ಮಾಡಿದಾಗ, ನಾನು ಹೇಳಿಕೊಡುವ ಮೊದಲೇ ನಕ್ಕಳು.

ಆಮೇಲೆ ತನಗೆ ಬೇಕಾದದ್ದನ್ನು ಹಾಕು ಎಂದಳು. 'ಬಂಗಾರದ ಮನುಷ್ಯ', 1972ರದು. ಆ ಕಾಲದ ನಮ್ಮ ಸಿನಿಮಾಗಳದು ಒಂದೇ ಪಟ್ಟಿಯ ಸದ್ದು. ಎಡ ಬಲ ಎರಡೂ ಒಂದೇ ಆಗಿರುವುದರಿಂದ ರಿಸೀವರ್ ಎಲ್ಲವನ್ನೂ ನಡುವಿನ ಸ್ಪೀಕರಿಗೇ ಕಳಿಸಿತು. ಒಂದರಿಂದ ಒಂದು ಕಳೆದರೆ ಸೊನ್ನೆ. ಗೋಡೆಯ ಮೇಲಿನ ಎರಡು ಸ್ಪೀಕರ್ ಪೂರ್ತಿ ಮೌನ. ಅರ್ಧ ಗಂಟೆ ಕೇಳಿದ ಮೇಲೆ ಅಮ್ಮ ಕೈಯಿಂದ ಪಕ್ಕದ ಗೋಡೆಯ ಕಡೆ ತೋರಿಸಿ, "ಇವು ಕೆಟ್ಟೋದ್ವೇನೋ?" ಎಂದು ಕೇಳಿದಳು.

"ಇಲ್ಲಮ್ಮ. ಅವಕ್ಕೆ ಈ ಸಿನಿಮಾದಲ್ಲಿ ಕೆಲಸ ಇಲ್ಲ."

"ಇರ್ಲಿ ಬಿಡು," ಎಂದು ಅವಳು ಪರದೆಯ ಕಡೆಗೆ ಕಿವಿ ತಿರುಗಿಸಿದಳು.